ಕೆಂಪು ತೆಗೆಯುವ ಬಟನ್

ಜೂನ್ ೪, ೨೦೦೫. ಶನಿವಾರ. ಅಲೆನ್‌ನ ಮನೆ

ಮತ್ತೆ ಅದೇ ಹಾಡು. ಇದು ಫೋಟೋ ಜೋಡಿಸುವ ಮೂರನೆಯ ಸಾಫ್ಟ್‌ವೇರ್, ಹದಿನೈದು ದಿನದ ಟ್ರಯಲ್. ಬೆಳಗಿನಿಂದ ಇಂಪೋರ್ಟ್ ಮಾಡುತ್ತಲೇ ಇದೆ. ಮೊದಲನೆಯದು ಪ್ರತಿ ಫೋಟೋಗೂ ತಾನೇ ಒಂದು ನಕಲು ಮಾಡಿ ಡಿಸ್ಕ್ ತುಂಬಿಸಿತು. ಎರಡನೆಯದು ತಾರೀಖಿನ ಪ್ರಕಾರ ಜೋಡಿಸುತ್ತೇನೆಂದು ಹೇಳಿ ಎಲ್ಲವನ್ನೂ ೧೯೮೦ರ ಜನವರಿಗೆ ತಳ್ಳಿತು. ಥೂ. ಇವನ್ನೆಲ್ಲ ಬರೆದವರ ಮನೆಯಲ್ಲಿ ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲವೇನೋ.

ಅಪ್ಪ ಅಮ್ಮ ಧಾರವಾಡಕ್ಕೆ ಹೊರಡಲು ಇನ್ನು ಹತ್ತೇ ದಿನ. ಅವರು ಈ ಪರದೇಶದಲ್ಲಿ ನಮ್ಮ ಜೊತೆಗಿದ್ದ ಆರು ತಿಂಗಳಲ್ಲಿ ಸಾವಿರದ ಒಂಬೈನೂರು ಫೋಟೋ. ಅಪ್ಪ ಕೇಳಿದ್ದು ಒಂದೇ ಒಂದು. ಏಪ್ರಿಲ್‌ನಲ್ಲಿ ಜಾರ್ಜ್‌ಟೌನ್ ದಾಟಿದ ಮೇಲೆ, ರಸ್ತೆ ಪಕ್ಕದ ನೀಲಿ ಹೂವುಗಳ ನಡುವೆ ತೆಗೆದದ್ದು. ಅಮ್ಮನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದಾರೆ. ಮದುವೆಯಾದ ನಲವತ್ತೆರಡು ವರ್ಷದಲ್ಲಿ ಮೊದಲ ಸಲ.

“ಇದನ್ನ ದೊಡ್ಡದು ಮಾಡಿಸಿ ಪಡಸಾಲ್ಯಾಗ ಹಾಕೋಣ,” ಅಂದರು.

“ನಾಚಿಕಿ ಬರೂದಿಲ್ಲೇನ್ರಿ? ಮಂದಿ ಏನಂದಾರು!” ಅಂದಳು ಅಮ್ಮ. ಅನ್ನುತ್ತಲೇ ಹತ್ತಿರ ಬಂದು ಇನ್ನೊಮ್ಮೆ ನೋಡಿದಳು.

ಜೂನ್ ೧೧, ಶನಿವಾರ

ನಾಲ್ಕನೆಯದು. ಲಾಸ್ ಕೊಲಿನಾಸ್ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ದುಷ್ಯಂತ್ ಹೇಳಿದ್ದು. “ಒಂದೇ ಕ್ಲಿಕ್ ಗುರೂ, ಎಲ್ಲಾ ರೆಡ್ ಐ ಮಾಯ!” ಫ್ಲಾಶ್ ಹೊಡೆದು ಅರ್ಧಕ್ಕರ್ಧ ಫೋಟೋಗಳಲ್ಲಿ ಎಲ್ಲರ ಕಣ್ಣೂ ಕೆಂಪಗೆ, ದೆವ್ವದ ಹಾಗೆ.

ಒಂದೊಂದೇ ಆರಿಸುತ್ತ ಕೂರುವವರು ಯಾರು? ಎಲ್ಲವನ್ನೂ ಸೆಲೆಕ್ಟ್ ಮಾಡಿ ಬಟನ್ ಒತ್ತಿದೆ. ಪ್ರತಿ ಫೋಟೋಗೂ ಒಂದು ಪ್ರಶ್ನೆ — ಮೂಲದ ಮೇಲೆಯೇ ಸೇವ್ ಮಾಡಲೇ? ಹತ್ತು ಸಲ ಹೌದು ಅಂದೆ. ರೇಗಿತು. ‘ಎಲ್ಲದಕ್ಕೂ ಹೌದು’ ಒತ್ತಿ ಊಟಕ್ಕೆ ಎದ್ದೆ.

ಬಂದು ಮಗಳು ದಿಯಾಳ ಬರ್ತ್‌ಡೇ ಫೋಟೋ ನಾಲ್ಕು ನೋಡಿದೆ. ಕಣ್ಣೆಲ್ಲ ಕಪ್ಪು. ಸಾಕು, ಇದನ್ನೇ ಕೊಂಡುಕೊಂಡೆ. ಅಪ್ಪನಿಗೆ ಎಲ್ಲ ಫೋಟೋಗಳ ಸಿಡಿ ಬರೆದಾಯಿತು. ಕ್ಯಾಮೆರಾದ ಕಾರ್ಡೂ ಖಾಲಿ ಮಾಡಿದೆ. ಮನೆ ಗುಡಿಸಿದಷ್ಟು ಸಮಾಧಾನ.

ಜೂನ್ ೧೪

ಏರ್‌ಪೋರ್ಟಿಗೆ ಬಿಟ್ಟು ಬಂದೆ. ಅಪ್ಪ ಸಿಡಿಯನ್ನು ಕರ್ಚೀಫಿನಲ್ಲಿ ಸುತ್ತಿ ಕೋಟಿನ ಒಳಜೇಬಿಗೆ ಹಾಕಿಕೊಂಡರು. ಮನೆ ಬಿಕೋ ಎನ್ನುತ್ತಿದೆ.

ಆಗಸ್ಟ್ ೨೨, ಬೆಳಿಗ್ಗೆ ೬

ಧಾರವಾಡದಿಂದ ಪ್ರಭಾ ಅಕ್ಕನ ಫೋನ್. ಅಪ್ಪ ಹೋದರು. ಟಿಕೆಟ್ ನೋಡಬೇಕು…

ಅಕ್ಟೋಬರ್ ೮, ಶನಿವಾರ

ಒಂದೂವರೆ ತಿಂಗಳಿಂದ ಬರೆದಿಲ್ಲ. ಅಮ್ಮನನ್ನು ಜೊತೆಗೆ ಕರೆದುಕೊಂಡು ಬಂದಿದ್ದೇನೆ. ಸಿಡಿ ಅಪ್ಪನ ಕಪಾಟಿನಲ್ಲಿ ಅದೇ ಕರ್ಚೀಫಿನೊಳಗಿತ್ತು. ತೆರೆದೇ ಇರಲಿಲ್ಲ. ನಾಳೆ ಸ್ಟುಡಿಯೋಗೆ ಹೋಗುತ್ತೇನೆ, ನಾಳೆ ಹೋಗುತ್ತೇನೆ ಅನ್ನುತ್ತಿದ್ದರಂತೆ.

ಇಂದು ಬೆಳಿಗ್ಗೆ ಅಮ್ಮ, “ಆ ನೀಲಿ ಹೂವಿಂದು ತೋರಸೋ,” ಅಂದಳು. ತೆರೆದೆ.

ಅಪ್ಪ ಇದ್ದಾರೆ. ಕೈ ಹೆಗಲ ಮೇಲಿದೆ. ಅಮ್ಮನ ಹಣೆಯಲ್ಲಿ ಕುಂಕುಮ ಇಲ್ಲ. ಅದಿದ್ದ ಜಾಗದಲ್ಲಿ ಬೂದಿ ಬಣ್ಣದ ಕಲೆ.

ಆ ದರಿದ್ರ ಸಾಫ್ಟ್‌ವೇರಿಗೆ ಕೆಂಪಗೆ, ದುಂಡಗೆ ಏನು ಕಂಡರೂ ಕಣ್ಣೇ. ಉಳಿದವನ್ನೂ ತೆರೆದೆ. ಹೆಂಡತಿ ಪ್ರಗತಿ, ಯುಗಾದಿಗೆ ಬಂದ ಆಂಟಿಯರು — ಎಲ್ಲರ ಹಣೆಯೂ ಹಾಗೇ. ಬಿಸಿಲಲ್ಲಿ ತೆಗೆದ ಫೋಟೋದಲ್ಲಿ ಕೆಂಪು ಕಣ್ಣು ಎಲ್ಲಿಂದ ಬರಬೇಕು? ಅದನ್ನೇಕೆ ಸೇರಿಸಿದೆ? ಸೋಮಾರಿತನ, ಇನ್ನೇನಲ್ಲ.

ಅಮ್ಮ ಅಳಲಿಲ್ಲ. ತನ್ನ ಬರಿ ಹಣೆ ಮುಟ್ಟಿಕೊಂಡಳು.

“ಆವಾಗಿನ್ನೂ ಅವರು ಇದ್ರಲ್ಲೋ ಚಂದ್ರು. ಆವಾಗ ಯಾಕ ತಗದಿ?”

ದುಷ್ಯಂತ್‌ಗೆ ಫೋನ್ ಮಾಡಿದೆ. “ಅಯ್ಯೋ, ಅಷ್ಟೇನಾ? ಬ್ರಶ್ ತಗೊಂಡು ಒಂದ್ ಕೆಂಪು ಚುಕ್ಕೆ ಇಡು ಗುರೂ. ಎರಡು ನಿಮಿಷದ ಕೆಲ್ಸ.” ಫೋನ್ ಕುಕ್ಕಿದೆ. ಹೇಸಿಗೆಯಾಯಿತು. ಅವನ ಮೇಲಲ್ಲ, ‘ಎಲ್ಲದಕ್ಕೂ ಹೌದು’ ಅಂದ ಈ ಬೆರಳಿನ ಮೇಲೆ.

ಅಕ್ಟೋಬರ್ ೯, ಭಾನುವಾರ

ಕೊನೆಗೆ ಆ ಚುಕ್ಕೆಯೇ ಗತಿ. ಬೆಳಗಿನಿಂದ ಇಡುತ್ತಿದ್ದೇನೆ, ಅಳಿಸುತ್ತಿದ್ದೇನೆ. ಎಲ್ಲಿಟ್ಟರೂ ಅಂಗಡಿಯ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತದೆ. ಅಮ್ಮ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

“ಅಷ್ಟ ಮ್ಯಾಲೆ ಹಚ್ಚತಿದ್ದಿಲ್ಲ ನಾ. ಇನ್ನೂ ಕೆಳಗ.”

ಕುರ್ಚಿ ಎಳೆದುಕೊಂಡು ಕೂತಳು. ಮೌಸ್ ಕೈಗೆ ಕೊಟ್ಟೆ. ಜೀವಮಾನದಲ್ಲಿ ಹಿಡಿದವಳಲ್ಲ. ಬಾಣ ಅಪ್ಪನ ಕೈ ದಾಟಿ, ಅವಳ ಕೆನ್ನೆ ದಾಟಿ ಹಣೆಗೆ ಬಂತು. ಉಂಗುರದ ಬೆರಳಿನಿಂದ ಒತ್ತಿದಳು — ದಿನಾ ಕನ್ನಡಿ ಮುಂದೆ ಕುಂಕುಮ ಇಟ್ಟುಕೊಳ್ಳುತ್ತಿದ್ದ ಬೆರಳು. ಕೆಂಪು ಕೂತಿತು. ಸ್ವಲ್ಪ ಓರೆ.

“ಇರ್ಲಿ. ಹಿಂಗ ಇರತಿತ್ತು.”

ಸೇವ್ ಒತ್ತಿದೆ. ಅದೇ ಪ್ರಶ್ನೆ ಬಂತು. ಮೂಲದ ಮೇಲೆಯೇ ಸೇವ್ ಮಾಡಲೇ?

“ಏನ್ ಕೇಳಲಿಕತ್ತದೋ ಅದು?” ಅಂದಳು ಅಮ್ಮ.

ನಾನು ಪ್ರಶ್ನೆಯನ್ನು ಅವಳಿಗೆ ಓದಿ ಹೇಳಿ, ಈ ಸಲ ಅವಳ ಉತ್ತರಕ್ಕೆ ಕಾದೆ.