ಕಲ್ಲುಕಾಡುಹಟ್ಟಿಗೆ ನಿಜವಾಗಿ ಎಷ್ಟು ದೂರ?

ಗುಡ್ಡದಾರಿಗಳ ಕೈಪಿಡಿ ಅಚ್ಚು ಹಾಕಿಸುವ ಕಚೇರಿಯ ಮಾನ್ಯರೇ,

ತೊಪ್ಪೂರಿನ ಕಡೆಯಿಂದ ಕಲ್ಲುಕಾಡುಹಟ್ಟಿಗೆ ಮೂರು ಕಿಲೋಮೀಟರ್ ಇನ್ನೂರು ಮೀಟರ್, ‘ಸುಲಭ ನಡಿಗೆ, ಒಂದು ಗಂಟೆ’ ಎನ್ನುತ್ತದೆ ತಮ್ಮ ಕೈಪಿಡಿ. ಅದು ಸುಳ್ಳು. ಇದನ್ನೇ ತಮಿಳಿನಲ್ಲಿ ಎರಡು ಸಲ ಬರೆದು ಕಳಿಸಿದೆ. ಉತ್ತರವಿಲ್ಲ. ಆದ್ದರಿಂದ ಈಗ ನನ್ನ ಮನೆಮಾತಾದ ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ ಬರೆಯುತ್ತಿದ್ದೇನೆ.

ನಾನು ಎಡಪ್ಪಾಡಿಯ ನೇಕಾರರ ಮನೆಯವಳು. ಸೀರೆಯ ಉದ್ದ ನಾಲ್ಕು ಬೆರಳು ಕಡಿಮೆಯಾದರೆ ಅಂಗಡಿಯವರು ಮುಖದ ಮೇಲೆ ಎಸೆಯುತ್ತಾರೆ. ನಾಲ್ಕು ಕಿಲೋಮೀಟರ್ ಕಡಿಮೆಯಾದರೂ ವಾಪಸು ಬಾರದ ಸರಕು ತಮ್ಮದೊಂದೇ ಇರಬೇಕು.

ನನ್ನ ಯಜಮಾನರು ಪಳನಿಯಪ್ಪನ್. ಅವರ ದೂರದ ಸಂಬಂಧಿ ಪೊನ್ನಮ್ಮಕ್ಕ ಆ ಹಟ್ಟಿಯಲ್ಲಿ ರಾಗಿ ಬೆಳೆಯುತ್ತಾರೆ. ಅವರಿಗೆ ಮೊಮ್ಮಗಳು ಹುಟ್ಟಿದ್ದಾಳೆಂದು ತಿಳಿದು, ತಮ್ಮ ಕೈಪಿಡಿಯನ್ನು ನಂಬಿ, ಒಂದೇ ಬಾಟಲಿ ನೀರು ಹಿಡಿದು, ನಾನಂತೂ ಹೊಸ ಚಪ್ಪಲಿ ಮೆಟ್ಟಿ, ಬೆಳಿಗ್ಗೆ ಎಂಟಕ್ಕೆ ಹೊರಟೆವು. ಒಂಬತ್ತಕ್ಕೆ ತಲುಪಬೇಕಿತ್ತು. ಹತ್ತಕ್ಕೆ ಯಜಮಾನರು ಕೈಪಿಡಿ ತೆಗೆದು, ನಾವು ತಲುಪಿ ಒಂದು ಗಂಟೆಯಾಯಿತು ಎಂದರು. ಹನ್ನೊಂದಕ್ಕೆ, ಎರಡು ಗಂಟೆಯಾಯಿತು ಎಂದರು. ಬಂಡೆಯ ಮೇಲೆ ಕೂತು ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಊರು ಕಂಡಾಗ ಹನ್ನೆರಡೂವರೆ.

ಪೊನ್ನಮ್ಮಕ್ಕ ಮಜ್ಜಿಗೆ ಕೊಟ್ಟು, “ಬುಕ್ಕಲ್ಲಿ ಮೂರೇ ಅಂತ ಐತಂತೆ ಕಣವ್ವಾ. ನನ್ ಕಾಲ್ಗೆ ಓದಕ್ ಬರಾಕಿಲ್ವಲ್ಲ” ಎಂದರು. ಆಮೇಲೆ ಉಳಿದ ಕಥೆ ಹೇಳಿದರು. ತಿಂಗಳಿಗೊಮ್ಮೆಯಾದರೂ ನರ್ಸಮ್ಮ ಹತ್ತಿ ಬರಲಿ ಎಂದು ಹಟ್ಟಿಯವರು ಆರೋಗ್ಯ ಕಚೇರಿಗೆ ಅರ್ಜಿ ಕೊಟ್ಟಿದ್ದರಂತೆ. ಐದು ಕಿಲೋಮೀಟರಿಗಿಂತ ಹತ್ತಿರವಿರುವ ಊರಿನವರು ಇಳಿದು ಬರಬೇಕು, ಈ ಹಟ್ಟಿ ಮೂರು ಚಿಲ್ಲರೆಯಷ್ಟೇ ಎಂದು ಉತ್ತರ ಬಂತಂತೆ. ಆಧಾರ? ತಮ್ಮ ಕೈಪಿಡಿ. ಹಾಗಾಗಿ ಸೊಸೆ ಅರ್ಚನಾಳನ್ನು ನೋವು ಬಂದಾಗ ಕಂಬಳಿಯಲ್ಲಿ ಹೊತ್ತು ಇಳಿಸಿದರು. ಮಗು ಅರ್ಧ ದಾರಿಯಲ್ಲೇ, ಹಳ್ಳದ ಪಕ್ಕದ ಬಂಡೆಯ ಮೇಲೆ ಹುಟ್ಟಿತು. ಆ ಬಂಡೆ ತಮ್ಮ ಹದಿನಾಲ್ಕನೇ ಪುಟದಲ್ಲಿದೆ: ‘ಪ್ರಕೃತಿ ಸವಿಯಲು ತಕ್ಕ ಸ್ಥಳ’. ಅರ್ಚನಾ ಏನು ಸವಿದಳೆಂದು ತಾವು ಕೇಳಿದ್ದೀರಾ? ತಾಯಿ, ಮಗು ಇಬ್ಬರೂ ಬದುಕಿದ್ದು ದೈವದ ದಯೆ, ತಮ್ಮದಲ್ಲ.

ಮುಂದಿನ ಭಾನುವಾರ ಇಪ್ಪತ್ತು ಮೀಟರ್ ಹಗ್ಗ ಹಿಡಿದು ಮತ್ತೆ ಹೋದೆವು. ಮುಂದಿನ ತುದಿ ಯಜಮಾನರದು, ಹಿಂದಿನದು ನನ್ನದು. ಹಗ್ಗಕ್ಕೊಂದರಂತೆ ಕೆಂಪು ನೂಲಿಗೆ ಗಂಟು ಹಾಕುತ್ತ ಹೋದೆ. ನೂರ ಹದಿನೆಂಟೋ ಹತ್ತೊಂಬತ್ತೋ ಎಂದು ನಾವಿಬ್ಬರೂ ಜಗಳವಾಡುತ್ತಿದ್ದಾಗ ಅರಣ್ಯದ ವಾಚರ್ ಸೆಲ್ವಂ ಬಂದು, ಪರ್ಮಿಷನ್ ಇದೆಯೇ ಎಂದು ಗದರಿದ. ಏನು ಅಳೆಯುತ್ತಿದ್ದೇವೆಂದು ತಿಳಿದದ್ದೇ ಕೋಲು ಕೆಳಗಿಟ್ಟ. “ಅನ್ನೊಂದ್ ವರ್ಸದಿಂದ ನಡೀತಾ ಇವ್ನಿ ಅಕ್ಕಾ. ಆಫೀಸಲ್ಲಿ ಕೇಳುದ್ರೆ ಮೂರು ಅಂತೀನಿ, ಮನೇಲಿ ಕೇಳುದ್ರೆ ಎಂಟು ಅಂತೀನಿ” ಎಂದ. ನನ್ನ ಕೈಯಿಂದ ಹಗ್ಗ ತೆಗೆದುಕೊಂಡು ಊರಿನವರೆಗೂ ಹಿಡಿದ.

ಮುನ್ನೂರ ಎಪ್ಪತ್ತೊಂದು ಗಂಟು. ಏಳು ಕಿಲೋಮೀಟರ್ ನಾನೂರ ಇಪ್ಪತ್ತು ಮೀಟರ್. ಪೊನ್ನಮ್ಮಕ್ಕನ ಅಂಗಳದಲ್ಲಿ ಮೂವರೂ ಮಕ್ಕಳ ಹಾಗೆ ಕುಣಿದೆವು. ಮನೆಗೆ ಬಂದು ತಮ್ಮ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ನೋಡಿದೆ. ನೇರ ಗೆರೆಗೆ ಸರಿಯಾಗಿ ಮೂರು ಕಿಲೋಮೀಟರ್ ಇನ್ನೂರು ಮೀಟರ್! ತಾವು ಹದ್ದುಗಳಿಗೆ ಕೈಪಿಡಿ ಬರೆದಿದ್ದೀರಿ ಎಂದು ಮುಖಪುಟದಲ್ಲೇ ಹೇಳಬಾರದಿತ್ತೇ?

ಆ ನೂಲನ್ನೇ ಅರ್ಜಿಗೆ ಕಟ್ಟಿ, ಸೆಲ್ವಂನಿಂದ ಸಾಕ್ಷಿ ಸಹಿ ಹಾಕಿಸಿ, ಆರೋಗ್ಯ ಕಚೇರಿಗೆ ಕೊಟ್ಟೆವು. ಅಲ್ಲಿನವರು ಒಬ್ಬರನ್ನು ಕಳಿಸಿ ನಡೆಸಿ ನೋಡಿದರು. ಈಗ ತಿಂಗಳ ಮೊದಲ ಮಂಗಳವಾರ ರೋಜಾ ಎಂಬ ನರ್ಸಮ್ಮ ಏದುಸಿರು ಬಿಡುತ್ತ ಹತ್ತಿ ಬರುತ್ತಾರೆ.

ತಮ್ಮ ಕೈಪಿಡಿಯ ಹೊಸ ಮುದ್ರಣವೂ ಬಂದಿದೆ. ದೂರ ಅಷ್ಟೇ ಇದೆ. ‘ಸುಲಭ’ ಹೋಗಿ ‘ಅತಿ ಸುಲಭ’ ಆಗಿದೆ.

ಈ ಅಂಕಿಯನ್ನು ತಿದ್ದಿ. ಮುಂದೆ ಒಂದು ದಾರಿಯನ್ನೂ ನಡೆಯದೆ ಅಚ್ಚು ಹಾಕಿಸಬೇಡಿ. ಕೈಪಿಡಿಯಲ್ಲಿ ಇನ್ನೂ ನಲವತ್ತು ದಾರಿಗಳಿವೆ. ಅವು ತಮಗೆ ಗೆರೆಗಳು. ಪ್ರತಿಯೊಂದರ ತುದಿಯಲ್ಲೂ ಒಂದು ಊರಿದೆ, ಅಲ್ಲಿ ಯಾರೋ ಬಸುರಿ ಇದ್ದಾಳೆ.

ಇಂತಿ,
ಆ ನಲವತ್ತನ್ನೂ ಅಳೆಯುವ ಆಸೆಯಿದ್ದು ಮೊಣಕಾಲು ಒಪ್ಪದ
ಸುಗುಣಾ ಪಳನಿಯಪ್ಪನ್, ಎಡಪ್ಪಾಡಿ