ಫೋಟೋದ ಹಿಂಬದಿಗೆ ಒಂದು ಸಾಲು

ಕಪ್ಪತಗುಡ್ಡದ ಒಳಪಟ್ಟಣ. ಬಾಗಿಲು ಮುಚ್ಚಿದ ಎಪ್ಪತ್ತೊಂದನೇ ವರ್ಷ, ಹದಿಮೂರನೇ ತಿಂಗಳ ಐದನೇ ದಿನ.

ನನ್ನ ಅಜ್ಜಿಯ ಅಜ್ಜಿಯಾದ ಅನಸೂಯಾ ಅವರಿಗೆ ಮಹಾದೇವಿಯ ನಮಸ್ಕಾರಗಳು. ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು. ಕ್ಷಮಿಸಿ.

ಗುಡ್ಡದೊಳಗಿನ ಈ ಊರಿನಲ್ಲಿ ಓಣಿಗೊಂದು ಬಾಗಿಲು, ಬಾಗಿಲಿಗೊಂದು ಬೆವರುಗಲ್ಲು. ಅದರ ಮೇಲೆ ಅಂಗೈ ಇಟ್ಟರೆ ಬೆವರಿನಲ್ಲಿರುವ ಕಾರ್ಟಿಸಾಲನ್ನು ಅಳೆಯುತ್ತದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕೂತ ಅಡ್ರಿನಲ್ ಗ್ರಂಥಿಯ ಹೊರಪದರ ಅದನ್ನು ತಯಾರಿಸುತ್ತದೆ, ಅಂಜಿದಾಗ ಹೆಚ್ಚು ತಯಾರಿಸುತ್ತದೆ ಎಂದು ಇಲ್ಲಿ ಮಕ್ಕಳಿಗೂ ಗೊತ್ತು. ಅಂಜಿದವರು ಗಾಳಿಯಂತ್ರಗಳ ಹತ್ತಿರ ಗದ್ದಲ ಮಾಡಬಾರದೆಂದು, ಅಳತೆ ಮೀರಿದವರನ್ನು ತಣಿಮನೆಗೆ ಕಳಿಸುತ್ತಾರೆ. ಅಲ್ಲಿ ಸಪ್ಪೆ ಗಂಜಿ, ತೂಗುಮಂಚ, ಸಣ್ಣ ದನಿಯ ಹಾಡು. ಅಳತೆ ಇಳಿದವರು ಎಂಟು ದಿನಕ್ಕೆ ಮನೆಗೆ ಹೋಗುತ್ತಾರೆ. ನಾನು ತಣಿಮನೆಗೆ ಬಂದು ಮೂರು ವರ್ಷವಾಯಿತು.

ನನಗೆ ಅಂಜಿಕೆ ಇರಲಿಲ್ಲ. ಈಗ ಇದೆ, ಅದು ಈ ಮನೆಯೇ ಕೊಟ್ಟದ್ದು. ಮುಖ ರೊಟ್ಟಿಯ ಹಾಗೆ ದುಂಡಗಾಗಿದೆ, ಹೊಟ್ಟೆಯ ಮೇಲೆ ನೇರಳೆ ಗೆರೆಗಳೆದ್ದಿವೆ, ಕೈಕಾಲು ಮಾತ್ರ ಕಡ್ಡಿ. ಹೋದ ತಿಂಗಳು ಬರೀ ಕೆಮ್ಮಿದ್ದಕ್ಕೆ ಪಕ್ಕೆಲುಬು ಮುರಿಯಿತು. ಇದು ಗ್ರಂಥಿಯದೇ ರೋಗ, ಅಲ್ಲಿ ಗಡ್ಡೆ ಎದ್ದಿರಬೇಕು ಎಂದು ಗೋಗರೆದೆ. ಕಾವಲಿನ ಫಕೀರಪ್ಪ ಕೆಟ್ಟವನಲ್ಲ. ನನ್ನ ಹಾಸಿಗೆ ಸರಿಮಾಡುತ್ತ, “ಯವ್ವಾ, ರೋಗದ ಹೆಸರರ ಹೇಳು, ಬರದು ಕೊಡ್ತೀನಿ. ಹೆಸರಿಲ್ಲದ ರೋಗ ಎಲ್ಲಿಂದ ಬರ್ತೈತಿ?” ಅಂದ. ಗಡ್ಡೆ ಕತ್ತರಿಸುವ ಯಂತ್ರ ಇಲ್ಲೂ ಇದೆ, ಆದರೆ ರೋಗದ ಹೆಸರು ಬರೆದುಕೊಡದೆ ಅದು ಕದಲುವುದಿಲ್ಲ. ಎಪ್ಪತ್ತೊಂದು ವರ್ಷದ ಹಿಂದೆ ಗುಡ್ಡದ ಹೆಬ್ಬಾಗಿಲು ಮುಚ್ಚುವಾಗ ಆರೋಗ್ಯವಂತರನ್ನಷ್ಟೇ ಒಳಗೆ ಬಿಟ್ಟಿದ್ದರು. ಇನ್ನು ರೋಗದ ಪುಸ್ತಕಗಳೇಕೆಂದು ನಮ್ಮ ಹಿರಿಯರು ಅವನ್ನು ಹೊರಗೇ ಉಳಿಸಿದರು. ಮಹಾ ಜಾಣರು.

ನನ್ನ ಬಳಿ ನಿಮ್ಮ ಎರಡು ಫೋಟೋಗಳಿವೆ. ಒಂದರಲ್ಲಿ ನಿಮ್ಮ ಮುಖ ನನ್ನಷ್ಟೇ ದುಂಡು, ಕತ್ತಿನ ಹಿಂದೆ ನನ್ನದೇ ಕೊಬ್ಬಿನ ಗೂನು. ಎರಡು ವರ್ಷದ ನಂತರದ ಫೋಟೋದಲ್ಲಿ ಮುಖ ಇಳಿದಿದೆ, ಮಗುವನ್ನೆತ್ತಿಕೊಂಡು ನಗುತ್ತಿದ್ದೀರಿ. ನಡುವೆ ಯಾರೋ ವೈದ್ಯರು ನಿಮ್ಮನ್ನು ಉಳಿಸಿದ್ದಾರೆ. ಆದರೆ ಮೊದಲ ಫೋಟೋದ ಹಿಂದೆ ನೀವು ಬರೆದದ್ದು “ತವರಿನಲ್ಲಿ ತಿಂದು ದಪ್ಪಗಾದಾಗ” ಎಂದಷ್ಟೇ. ನಾಚಿಕೆಯಿಂದ ಮುಚ್ಚಿಟ್ಟಿರೇನೋ ಎಂದು ನಿಮ್ಮ ಮೇಲೆ ಸಿಟ್ಟೂ ಬರುತ್ತದೆ.

ನನ್ನ ಮಗಳು ಗೌರವ್ವನಿಗೆ ಈಗ ಹನ್ನೊಂದು. ಹೋದ ವಾರ ಗಾಜಿನಾಚೆ ಬಂದು ನಿಂತಾಗ ಅವಳ ಕೆನ್ನೆ ದುಂಡಗಾದದ್ದು ಕಂಡೆ. ಚೆನ್ನಾಗಿ ತಿನ್ನುತ್ತಿದ್ದಾಳೆ ಎಂದು ಎಲ್ಲರಿಗೂ ಸಂತೋಷ. ಬರುವ ವರ್ಷದಿಂದ ಅವಳೂ ಬೆವರುಗಲ್ಲಿನ ಮೇಲೆ ಕೈ ಇಡಬೇಕು.

ದಯವಿಟ್ಟು ಮೊದಲ ಫೋಟೋದ ಹಿಂದಿನ ಆ ಸಾಲಿನ ಕೆಳಗೆ ರೋಗದ ಹೆಸರು ಬರೆಯಿರಿ. ಪೆನ್ನಿನಲ್ಲಿ, ಒತ್ತಿ ಬರೆಯಿರಿ, ಇಷ್ಟು ವರ್ಷ ದಾಟಿ ನನ್ನ ಕೈಯಲ್ಲಿರುವ ಫೋಟೋದಲ್ಲೂ ಅದು ಕಾಣಲಿ. ದಿನಾ ಬೆಳಿಗ್ಗೆ ಎದ್ದು ಫೋಟೋ ತಿರುಗಿಸಿ ನೋಡುತ್ತೇನೆ. ಇವತ್ತೂ ಅದೊಂದೇ ಸಾಲು ಇತ್ತು.