ಹಲಸಿನ ಹಲಗೆ ಎಲ್ಲಿ ಹೋಯಿತು

ಶಂಕರಪುರ
೧೯ ಫೆಬ್ರವರಿ ೨೦೦೬, ಭಾನುವಾರ

ಪ್ರೀತಿಯ ಮಗಳು ಶರೋನ್‌ಗೆ ಪಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಈ ತಿಂಗಳು ಮರಣದ ಪೆಟ್ಟಿಗೆಯ ಕೆಲಸ ಎರಡು ಬಂತು, ಇಗರ್ಜಿಯಲ್ಲಿ ಪೂಜೆಗೆ ಬಾರಿಸುವ ಗಿಟಾರು ಕುತ್ತಿಗೆ ಮುರಿದುಕೊಂಡು ಬಂತು ಎಂದೆಲ್ಲ ನೆಪ ಹೇಳಬಹುದು. ಬೇಡ. ನಿನ್ನ ಪತ್ರ ಓದಿ ನನಗೆ ಸಿಟ್ಟು ನೆತ್ತಿಗೇರಿತ್ತು. ಕೊಂಕಣಿಯಲ್ಲಿ ಎರಡು ಸಲ ಬರೆದು ಹರಿದು ಹಾಕಿದೆ. ನಮ್ಮ ಭಾಷೆಯಲ್ಲಿ ನನಗೆ ಬೈಗುಳ ಬೇಗ ಬರುತ್ತದೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕುವೈತಿನಲ್ಲಿ ಚಳಿ ಕಡಿಮೆಯಾಯಿತೇ? ಆಸ್ಪತ್ರೆಯ ಡ್ಯೂಟಿ ಮುಗಿಸಿ ಸರಿಯಾಗಿ ಊಟ ಮಾಡುತ್ತೀ ತಾನೇ? ಇಲ್ಲಿ ಎಲ್ಲರ ಮಲ್ಲಿಗೆಗೂ ಹುಳ ಬಿದ್ದಿದೆ. ಮಮ್ಮಿ ನೆಟ್ಟ ಎಂಟು ಗಿಡಗಳು ಮಾತ್ರ ಹೇಗೋ ಹೂ ಬಿಡುತ್ತಿವೆ. ನನಗೆ ಮಾಲೆ ಕಟ್ಟಲು ಬರುವುದಿಲ್ಲ, ಪಕ್ಕದ ಮನೆಯವರು ಬಂದು ಕೊಯ್ದುಕೊಂಡು ಹೋಗುತ್ತಾರೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಿಮ್ಮ ಚರ್ಚಿನ ಕಾಯರ್‌ನಲ್ಲಿ ಹಾಡು ಕಲಿಸುವ ಆ ಗೋವಾದ ಮಾಸ್ತರರು ನಿನ್ನ ನಾಲ್ಕು ತಂತಿಯ ಯುಕುಲೇಲೆಯನ್ನು ಬೆಳಕಿಗೆ ಹಿಡಿದು, ನಡುವಿನ ತೂತಿನ ಅಂಚನ್ನು ಉಗುರಿನಿಂದ ಕೆರೆದು, "ಇದು ಇಡೀ ಮರ ಅಲ್ಲ, ಪ್ಲೈವುಡ್ಡು. ಮೂರು ಪದರ ಕಾಣುತ್ತದೆ ನೋಡು" ಎಂದರಂತೆ. ಮಮ್ಮಿಯ ತವರಿನ ಹಲಸಿನ ಹಲಗೆಯಿಂದ ಪಪ್ಪ ಮಾಡಿದ್ದು ಎಂದು ನೀನು ಅಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೆಯಂತೆ. ಅಷ್ಟು ಜನರ ಎದುರು ತಲೆ ತಗ್ಗಿಸಬೇಕಾಯಿತು ಎಂದು ಬರೆದಿದ್ದೀ.

ಅವರು ಹೇಳಿದ್ದು ನಿಜ. ಪ್ಲೈವುಡ್ಡೇ. ಮೇಲೆ ಕಾಗದದಷ್ಟು ತೆಳುವಾದ ಹಲಸಿನ ಪದರ ಅಂಟಿಸಿದ್ದೇನೆ. ಆದರೆ ಪ್ಲೈವುಡ್ ಎಂದರೆ ಬೈಗುಳ ಅಲ್ಲ ಮಾರಾಯ್ತಿ. ಇಡೀ ಮರ ನಮ್ಮ ಮಳೆಗಾಲಕ್ಕೆ ಉಬ್ಬುತ್ತದೆ, ನಿಮ್ಮ ಎ.ಸಿ. ಗಾಳಿಗೆ ಒಣಗಿ ಸೀಳುತ್ತದೆ. ಒಂದು ಪದರ ಉದ್ದಕ್ಕೆ, ಒಂದು ಪದರ ಅಡ್ಡಕ್ಕೆ ಅಂಟಿಸಿದ ಮರ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ಮಣಿಪಾಲದ ಕಾಲೇಜಿನವರು ಕಡಿಮೆ ಬೆಲೆಗೆ ಗಿಟಾರು ಕೇಳಿದರೆ ನಾನು ಮಾಡಿಕೊಡುವುದೂ ಅದರಲ್ಲೇ, ಪ್ಲೈವುಡ್ ಎಂದು ಬಾಯಿಬಿಟ್ಟು ಹೇಳಿಯೇ ಕೊಡುತ್ತೇನೆ. ಸ್ವರ ಸ್ವಲ್ಪ ಮೊಂಡು, ಒಪ್ಪಿದೆ. ಇಡೀ ಮರದ್ದಾದರೆ ಬಾರಿಸಿದಷ್ಟೂ ವರ್ಷದಿಂದ ವರ್ಷಕ್ಕೆ ಸ್ವರ ಬಿಚ್ಚಿಕೊಳ್ಳುತ್ತದೆ. ಪ್ಲೈವುಡ್ಡು ಮೊದಲ ದಿನ ಹೇಗೋ ಕೊನೆಗೂ ಹಾಗೆಯೇ. ಇಷ್ಟೆಲ್ಲ ಗೊತ್ತಿದ್ದವನು ಸ್ವಂತ ಮಗಳಿಗೆ ಮಾತ್ರ ಹೇಳದೆ ಕೊಟ್ಟೆ. ಅದು ತಪ್ಪು. ತಪ್ಪೇ.

ನನಗೆ ಚುಚ್ಚಿದ್ದು ಪ್ಲೈವುಡ್ಡಿನ ಮಾತಲ್ಲ. "ಹಲಗೆಯನ್ನು ಯಾರಿಗೆ ಮಾರಿದಿರಿ ಪಪ್ಪ? ನಿಜ ಹೇಳುವವರೆಗೆ ನಾನು ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಮೇ ತಿಂಗಳಲ್ಲಿ ಬಂದರೂ ಆಲಿಸ್ ಆಂಟಿಯ ಮನೆಯಲ್ಲಿ ಇರುತ್ತೇನೆ" ಎಂದು ಬರೆದಿದ್ದೀಯಲ್ಲ, ಆ ಸಾಲು.

ನನ್ನ ತಂಗಿಯ ಬಾಯಿ ನನಗೆ ಗೊತ್ತಿಲ್ಲವೇ? ಕ್ರಿಸ್ಮಸ್‌ಗೆ ಹಿರಿಯಡ್ಕದಿಂದ ಕುಸ್ವಾರ್ ತಿಂಡಿ ಹಿಡಿದುಕೊಂಡು ಬಂದವಳು ಸೀದಾ ಅಟ್ಟ ನೋಡಿದಳು.

"ಬೆಂಜಮಿನ್, ಹಲಗೆ ಎಲ್ಲಿ ಉಂಟು?"

"ನಿನಗೆಂತ?"

"ಎಂತ ಅಂದ್ರೆ? ಬೆನೆಡಿಕ್ಟಾ ಅತ್ತಿಗೆ ಅದನ್ನು ಶರೋನ್‌ಗೆ ಅಂತ ಇಟ್ಟದ್ದಲ್ವಾ? ಮಾರಿ ತಿಂದೆಯಾ?"

"ಹೌದು, ತಿಂದೆ. ಉಪ್ಪು ಸ್ವಲ್ಪ ಕಡಿಮೆ ಇತ್ತು."

ಅಷ್ಟೇ ನಡೆದದ್ದು. ಅದನ್ನೇ ಅವಳು ನಿನಗೆ ಹೋಗಿ ಮುಟ್ಟಿಸಿದಳು. ನಾನು ಹಾಗೆ ಹಾರಿಸಿ ಉತ್ತರ ಕೊಡಬಾರದಿತ್ತು.

ಕಾರ್ಕಳದಲ್ಲಿ ಮಮ್ಮಿಯ ತವರಿನ ಹಲಸು ಬಿದ್ದಾಗ ಅವಳ ಅಣ್ಣ ಕೊಟ್ಟದ್ದು ಒಂದೇ ಹಲಗೆ. ಒಂದೂವರೆ ಅಡಿ ಅಗಲ, ಆರಡಿ ಉದ್ದ, ಒಂದೂ ಗಂಟಿಲ್ಲ. ಹನ್ನೊಂದು ವರ್ಷ ಅಟ್ಟದಲ್ಲಿ ಒಣಗಿತು. ಆಗಾಗ ಇಳಿಸಿ ಬೆರಳಿನಿಂದ ತಟ್ಟಿ ನೋಡುತ್ತಿದ್ದೆ. "ಮರವನ್ನು ಅಷ್ಟು ತಟ್ಟಬೇಡಿ, ಅದು ಎದ್ದೀತು" ಎಂದು ಮಮ್ಮಿ ನಗುತ್ತಿದ್ದಳು. ಅಂಥ ಹಲಗೆಯನ್ನು ನಾನು ಮಾರುತ್ತೇನೆಯೇ? ಮಾರಲಿಲ್ಲ. ಯಾರಿಗೂ ಬಿಟ್ಟಿ ಕೊಡಲೂ ಇಲ್ಲ. ಇಷ್ಟು ನಂಬು, ಮೇ ತಿಂಗಳಲ್ಲಿ ನಮ್ಮ ಮನೆಗೇ ಬಾ. ನಿನಗೆ ಬಂಗುಡೆ ಪುಳಿಮುಂಚಿ ಮಾಡಲು ಕಲಿತಿದ್ದೇನೆ.

ಆರೋಗ್ಯ ನೋಡಿಕೋ. ದಿನಾ ತೇರ್ಸ ಜಪ ಹೇಳುವಾಗ ನಿನ್ನ ಹೆಸರನ್ನು ಮಮ್ಮಿಯ ಹೆಸರಿನ ಜೊತೆಗೇ ಹೇಳುತ್ತೇನೆ. ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ.

ನಿನ್ನ ಪಪ್ಪ,
ಬೆಂಜಮಿನ್

ಮತ್ತೆ: ಸಹಿ ಹಾಕಿದ ಮೇಲೆ ಪತ್ರ ಮಡಚಲು ಕೈ ಬರಲಿಲ್ಲ. ನೀನು ಕೇಳಿದ್ದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಕಳೆದ ಜೂನಿನಲ್ಲಿ ನಿನಗೆ ರಜೆ ಸಿಗಲಿಲ್ಲ, ಮಮ್ಮಿಯನ್ನು ಮಣ್ಣು ಮಾಡುವಾಗ ನೀನು ಇರಲಿಲ್ಲ. ಇದ್ದಿದ್ದರೆ ನಿನಗೇ ಕಾಣುತ್ತಿತ್ತು. ಕೊನೆಯ ವಾರ ಅವಳು ನನ್ನನ್ನು ಕರೆದು, "ನನಗೆ ಪ್ಲೈವುಡ್ಡು ಸಾಕು. ಮಣ್ಣಿನ ಒಳಗೆ ಯಾರು ನೋಡಲಿಕ್ಕುಂಟು? ಹಲಗೆ ಶರೋನ್‌ಗೆ" ಎಂದಳು. ಆಯಿತು ಎಂದೆ. ಮೂವತ್ತು ವರ್ಷ ಊರಿನವರಿಗೆಲ್ಲ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿದವನು ಅವಳಿಗೂ ಅದರಲ್ಲೇ ಮಾಡಿದೆ. ಮುಚ್ಚಳಕ್ಕೆ ಬಂದಾಗ ಆಗಲಿಲ್ಲ ಮಗಳೇ. ಅಟ್ಟ ಹತ್ತಿ ಹಲಗೆ ಇಳಿಸಿದೆ. ಆಲಿಸ್‌ಗೆ ಮರದ ಗುರುತು ಇಲ್ಲ, ಮುಚ್ಚಳ ನೋಡಿದರೂ ಅವಳಿಗೆ ತಿಳಿಯಲಿಲ್ಲ. ಅವಳಿಗೆ ಕೊಟ್ಟ ಮಾತು ಮುರಿದೆ, ನಿನ್ನದನ್ನು ಕಿತ್ತುಕೊಂಡೆ. ಆಮೇಲೆ ನೀನು ಫೋನಿನಲ್ಲಿ ಅಳುತ್ತ "ಮಮ್ಮಿಯ ಹಲಗೆಯಿಂದ ಯುಕುಲೇಲೆ ಮಾಡಿ ಕಳಿಸಿ" ಎಂದಾಗ ಹ್ಞೂಂ ಎಂದುಬಿಟ್ಟೆ.

ಮುಚ್ಚಳ ಇಟ್ಟಾಗ ಅಭ್ಯಾಸಬಲದಿಂದ ನನ್ನ ಬೆರಳು ಅದನ್ನು ಒಮ್ಮೆ ತಟ್ಟಿತು. ಇಗರ್ಜಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಂಥ ಸ್ವರ ನಾನು ಈ ಜನ್ಮದಲ್ಲಿ ಕೇಳಿಲ್ಲ ಶರೋನ್. ಅದು ನಿನ್ನ ಕೈಗೆ ಸೇರಬೇಕಾದದ್ದು ಎಂದು ಆಗಲೇ ಗೊತ್ತಾಯಿತು. ಆದರೂ ಮೊಳೆ ಹೊಡೆದೆ.